ಮಾಳಿಗೆಯ ಪಾಳಿ ಯಾರದು

ಆ ಮಳೆಗಾಲದಲ್ಲಿ ಮಾಳಿಗೆ ನೋಡಿಕೊಳ್ಳುವ ಪಾಳಿ ಯಾರದಿತ್ತು ಎಂದು ಕೇಳಿದರೆ ನನಗೆ ಇವತ್ತಿಗೂ ಹೇಳಲಿಕ್ಕೆ ಬರುವುದಿಲ್ಲ. ಬೆರಳು ಮಡಚಿ ಎಣಿಸಿದ್ದೇನೆ, ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಎಣಿಸಿದ್ದೇನೆ. ಒಂದು ಸಲ ನನ್ನದಲ್ಲ ಎಂದು ಬರುತ್ತದೆ, ಇನ್ನೊಂದು ಸಲ ನನ್ನದೇ ಎಂದು ಬರುತ್ತದೆ. ಎಣಿಸುವ ಹೊತ್ತಿಗೆ ನನ್ನ ಮನಸ್ಸು ಯಾವ ಕಡೆ ವಾಲಿರುತ್ತದೋ ಉತ್ತರವೂ ಆ ಕಡೆಯೇ ವಾಲುತ್ತದೆ ಎಂಬ ಗುಮಾನಿ ನನಗೆ ಈಚೆಗೆ ಬಂದಿದೆ.

ಆಳಂದದ ಬಜಾರಿನಲ್ಲಿ ನಮ್ಮದೊಂದು ಅಂಗಡಿ ಸಾಲು ಇತ್ತು. ನಮ್ಮದು ಎಂದರೆ ಮೂರರಲ್ಲಿ ಒಂದು ಪಾಲು ನಮ್ಮದು. ನನ್ನ ಗಂಡನ ಅಜ್ಜ, ಕಾಳುಕಡಿ ಅಡತಿಯ ಸಾಹುಕಾರರ ಅಜ್ಜ, ತಹಶೀಲ ಕಚೇರಿಯ ಮುನ್ಷಿಯವರ ತಂದೆ, ಈ ಮೂವರು ಕೂಡಿ ಕಟ್ಟಿಸಿದ್ದು. ಕಲ್ಲಿನ ಗೋಡೆ, ಬೇವಿನ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮಾಳಿಗೆ, ಅದೇ ಚಾವಣಿ. ನಾಲ್ಕು ಅಂಗಡಿ, ಒಂದೇ ಮಾಳಿಗೆ. ಮೂರು ಅಂಗಡಿ ಮೂರು ಮನೆತನಕ್ಕೆ ಹೋದ ಮೇಲೆ ಉಳಿದ ನಾಲ್ಕನೆಯದು, ನಡುವಿನದು, ಎಲ್ಲರದೂ ಹೌದು, ಯಾರದೂ ಅಲ್ಲ. ಅದರಲ್ಲಿ ಒಬ್ಬ ಬಳೆಗಾರ್ತಿ ಕೂರುತ್ತಿದ್ದಳು.

ಅವಳು ಬಾಡಿಗೆ ಕೊಡುತ್ತಿರಲಿಲ್ಲ. ಪಂಚಮಿಗೆ ಮೂರೂ ಮನೆಯ ಹೆಣ್ಣುಮಕ್ಕಳಿಗೆ ಮೊಣಕೈ ತನಕ ಬಳೆ ಇಡಿಸಬೇಕು, ಅದೇ ಬಾಡಿಗೆ. ಅವಳ ಅತ್ತೆಯ ಕಾಲದಿಂದ ನಡೆದುಬಂದದ್ದು. ಹೆಸರಿಗೆ ಗಂಡನಿದ್ದ, ಶೋಲಾಪುರದ ಗಿರಣಿಗೆ ಹೋದವನು ತಿರುಗಿ ಬಂದಿರಲಿಲ್ಲ. ಆ ಎಂಟು ಮೊಳದ ಜಾಗ ಬಿಟ್ಟರೆ ಅವಳಿಗೆ ಬೇರೆ ಆಸರೆ ಇರಲಿಲ್ಲ. ಸಾಹುಕಾರರ ಅಳಿಯನಿಗೆ ಅಲ್ಲೊಂದು ಅರಿವೆ ಅಂಗಡಿ ಇಡುವ ಆಸೆ ಇದೆ ಎಂಬುದು ಬಜಾರಿಗೆಲ್ಲ ಗೊತ್ತಿತ್ತು, ಅವಳಿಗೆ ಎಲ್ಲರಿಗಿಂತ ಮೊದಲು ಗೊತ್ತಿತ್ತು. ಒಂದು ದಿನ ತನ್ನ ಬಳೆಯ ಪೆಟ್ಟಿಗೆ ಹೊಸ್ತಿಲು ದಾಟಿ ಹೊರಗೆ ಬಂದರೆ ಮತ್ತೆ ಒಳಗೆ ಹೋಗುವುದಿಲ್ಲ ಎಂದು ಅವಳು ತಿಳಿದಿದ್ದಳು. ಅದಕ್ಕೇ ಮೈಯಲ್ಲಿ ಜ್ವರ ಇದ್ದರೂ ಬಂದು ಬಾಗಿಲು ತೆರೆಯುತ್ತಿದ್ದಳು.

ನನ್ನ ಗಂಡ ತೀರಿಕೊಂಡ ಮೇಲೆ ಆ ಪಾಲು ನನ್ನ ಕೈಗೆ ಬಂತು. ಲಡಾಯಿ ನಡೆದಿದ್ದ ಕಾಲ, ಸೀಮೆಎಣ್ಣೆಗೂ ಚೀಟಿ ಹಿಡಿದು ನಿಲ್ಲಬೇಕಿತ್ತು. ಅಫಜಲಪುರದಿಂದ ನನ್ನ ತಮ್ಮ ಬಂದು, "ಹೆಣ್ಮಗಳು ಬಜಾರದ ಕಾರಭಾರ ಹ್ಯಾಂಗ ಮಾಡ್ತಿ, ಅಕ್ಕಾ? ಸಾಹುಕಾರರಿಗೆ ಒಪ್ಪಿಸಿಬಿಡು" ಎಂದ. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದಕ್ಕೆ ಆಗ ದೊಡ್ಡ ಕಾರಣವೇನೂ ಬೇಕಿರಲಿಲ್ಲ. ನಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಿ ಅವನನ್ನು ಕಳಿಸಿಬಿಟ್ಟೆ.

ನೋಡಿಕೊಳ್ಳಲಿಕ್ಕೆ ಇದ್ದದ್ದೇನು ಮಹಾ? ವರ್ಷಕ್ಕೊಬ್ಬರಂತೆ ಪಾಳಿ. ಮೊದಲು ನಮ್ಮ ಮನೆ, ಆಮೇಲೆ ಸಾಹುಕಾರರು, ಆಮೇಲೆ ಮುನ್ಷಿಯವರು, ತಿರುಗಿ ನಾವು. ಪಾಳಿ ಇದ್ದವರು ಮಿರಗದ ಮಳೆ, ಅಂದರೆ ಮಳೆಗಾಲದ ಮೊದಲ ಮಳೆ, ಬೀಳುವ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕಿಸಬೇಕು. ಆ ಮಣ್ಣು ನೀರು ಕುಡಿದು ಬಿಗಿಯಾಗುತ್ತದೆ, ಕೆಳಗೆ ಹನಿ ಬಿಡುವುದಿಲ್ಲ. ಮಣ್ಣು ಹಾಕಿಸಿದವರು ಪಾಳಿ ಮಾಡಿದವರು, ಅಷ್ಟೇ.

ಗಂಡ ಹೋದ ಮರುವರ್ಷ ಮಿರಗದ ಮಳೆ ಬಿದ್ದ ನಾಲ್ಕನೆಯ ದಿನ ಬಳೆಗಾರ್ತಿ ನಮ್ಮ ಮನೆಗೆ ಬಂದಳು. ಸೆರಗೆಲ್ಲ ಕೆಸರಾಗಿತ್ತು.

"ಅಕ್ಕಾರ, ಅಂಗಡ್ಯಾಗ ಸೋರಾಕತ್ತೈತ್ರಿ. ತೊಲಿ ಕೂತ ಕಡಿ ಗ್ವಾಡಿ ಬಾಯಿ ಬಿಟ್ಟೈತ್ರಿ. ನನ್ನ ಕೈ ಒಳಗ ಹೋಗ್ತದ್ರಿ."

ನಾನು ಬೆರಳು ಮಡಚಿದೆ. ಯುಗಾದಿಗೆ ನಮ್ಮ ವರ್ಷ ಮುಗಿದಿತ್ತು. "ಈ ವರ್ಷ ಸಾಹುಕಾರರ ಪಾಳಿ ಬೇ. ಅವರ ಕಡೆ ಹೋಗು" ಎಂದೆ.

ಅವಳು ಸಾಹುಕಾರರ ಕಡೆ ಹೋದಳು. ಅವರು ಮುನ್ಷಿಯವರ ಪಾಳಿ ಎಂದರು. ಮುನ್ಷಿಯವರ ಕಡೆ ಹೋದಳು. ಅವರು ಕನ್ನಡಕ ಹಾಕಿಕೊಂಡು ಒಂದು ವಹಿ ತೆರೆದು ನೋಡಿ, ಇದು ಬಾಯಿಯವರ ಪಾಳಿ, ಅಂದರೆ ನನ್ನದು, ಎಂದರಂತೆ. ಮೂರು ಮನೆ ಸುತ್ತಿ ಸಂಜೆಗೆ ಮತ್ತೆ ನನ್ನ ಬಾಗಿಲಿಗೇ ಬಂದು ನಿಂತಳು. ನನಗೆ ಅವಳ ಮೇಲೇ ರೇಗಿತು. ಅವಳು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದುಕೊಂಡೆ.

ಮರುದಿನ ಸಾಹುಕಾರರ ಅಡತಿಯಲ್ಲಿ ಮೂವರೂ ಕೂತೆವು. ಅವರು ಗಾದಿಯ ಮೇಲೆ, ಮುನ್ಷಿಯವರು ಕುರ್ಚಿಯ ಮೇಲೆ, ನಾನು ಬಾಗಿಲ ಹತ್ತಿರ ಜೋಳದ ಚೀಲಕ್ಕೆ ಒರಗಿ. ಅವಳು ಕೇಳಿಸಿಕೊಂಡದ್ದು ಸರಿಯೇ ಇತ್ತು.

"ವ್ಯಾಪಾರಸ್ಥರಿಗೆ ವರ್ಷ ಅಂದ್ರ ದೀಪಾವಳಿ ಪಾಡ್ಯಕ್ಕ ಸುರು, ತಂಗೆವ್ವಾ" ಎಂದರು ಸಾಹುಕಾರರು. "ನಮ್ಮ ಅಜ್ಜಗಳು ಕರಾರ ಮಾಡಿದ್ದು ಶ್ರಾವಣದಾಗ. ಶ್ರಾವಣದಿಂದ ದೀಪಾವಳಿ ತನಕ ನಿಮ್ಮ ಮನಿ ಪಾಳಿ ಆತು. ಅಲ್ಲಿಂದ ನಮ್ಮದು. ಹಂಗ ಎಣಿಸ್ಕೋತ ಬಂದ್ರ ಇದು ಮುನ್ಷಿ ಸಾಹೇಬರದು."

"ಮೂರು ತಿಂಗಳಿಗೆ ವರ್ಷ ಅಂತಾರೇನ್ರಿ?" ಎಂದೆ. "ನಮ್ಮ ಮನ್ಯಾಗ ಮುಂದಿನ ಯುಗಾದಿಯಿಂದ ಎಣಿಸ್ಯಾರ."

ಮುನ್ಷಿಯವರು ಇಬ್ಬರಿಗೂ ನಕ್ಕರು. ಸರಕಾರಿ ನೌಕರಿಯಲ್ಲಿ ಕೂದಲು ಬೆಳ್ಳಗಾದವರು. "ಬಾಯಿಯವ್ರ, ಸರಕಾರ ಒಪ್ಪೂದು ಕಂದಾಯದ ಫಸಲಿ ವರ್ಷ. ಆಜೂರ್ ತಿಂಗಳಿಗೆ, ದಸರಾ ಸುಮಾರಿಗೆ, ಸುರು ಆಗ್ತದ. ಮತ್ತ ಪ್ಲೇಗಿನ ವರ್ಷ ಊರಿಗೆ ಊರ ಹೊಲದಾಗ ಗುಡಿಸಲಾ ಹಾಕ್ಕೊಂಡಿತ್ತು. ಬಜಾರದಾಗ ಒಂದು ನಾಯಿ ಇರಲಿಲ್ಲ. ಆ ವರ್ಷ ಯಾರ ಜಿಮ್ಮೇದಾರಿ ಅಂತ ಹೇಳೂದು? ಅದನ್ನ ಬಿಟ್ಟ ಎಣಿಸ್ರಿ. ಈ ವರ್ಷ ನಿಮ್ಮದ."

 ಸಾಹುಕಾರರ ಮಾತು ಕೇಳುವಾಗ ಸಾಹುಕಾರರು ಸರಿ ಅನ್ನಿಸಿತ್ತು, ಮುನ್ಷಿಯವರ ಮಾತು ಕೇಳುವಾಗ ಅವರೂ ಸರಿ. ನನ್ನ ಮಾತಂತೂ ನನಗೆ ಸರಿಯೇ. ಮೂವರೂ ಸರಿ ಇದ್ದು ಮಾಳಿಗೆ ಹೇಗೆ ಸೋರುತ್ತಿದೆ ಎಂಬುದೇ ತಿಳಿಯಲಿಲ್ಲ. ಇಷ್ಟು ವರ್ಷ ಹೇಗೆ ನಡೆಯಿತು ಎಂದು ಕೇಳಿದೆ. ಹಿಂದಿನವರಲ್ಲಿ ಯಾರಿಗೆ ಮೊದಲು ನೆನಪಾಗುತ್ತಿತ್ತೋ ಅವರು ಮಣ್ಣು ಹಾಕಿಸುತ್ತಿದ್ದರಂತೆ, ಯಾರೂ ಎಣಿಸುತ್ತಿರಲಿಲ್ಲವಂತೆ. ಗೋಡೆ ಬಾಯಿ ಬಿಟ್ಟ ಮೇಲೆ ನಾವು ಎಣಿಸಲಿಕ್ಕೆ ಕೂತಿದ್ದೆವು.

ಆ ಮಳೆಗಾಲವನ್ನು ಬಳೆಗಾರ್ತಿ ಗಡಿಗೆ, ಮಗಿ, ಪರಾತ ಇಟ್ಟು ಕಳೆದಳು. ಗಿರಾಕಿಗಳು ಬಂದರೆ ಅವರ ಕೈ ಹಿಡಿದು ಗಡಿಗೆಗಳ ನಡುವೆ ದಾರಿ ತೋರಿಸಿ ಕೂರಿಸುತ್ತಿದ್ದಳು. ಪಂಚಮಿಗೆ ತಪ್ಪದೆ ಮೂರೂ ಮನೆಗೆ ಬಂದು ಬಳೆ ಇಡಿಸಿ ಹೋದಳು. ನನ್ನ ಮಗಳ ಕೈ ಒತ್ತಿ ಹಸಿರು ಬಳೆ ಏರಿಸುತ್ತ, "ತೊಲಿ ಇನ್ನ ಗಟ್ಟಿ ಐತ್ರಿ" ಎಂದು ನಾನು ಕೇಳದೆಯೇ ಹೇಳಿದಳು. ಅಂಗಡಿ ಖಾಲಿ ಮಾಡು ಎಂದುಬಿಟ್ಟೇವು ಎಂಬ ಹೆದರಿಕೆ ಅವಳಿಗೆ.

ನಾನು ಒಬ್ಬ ಗೌಂಡಿಯನ್ನು ಕರೆದು ತೋರಿಸಿದೆ. ಅವನು ಬಿರುಕಿನಲ್ಲಿ ಕರಣೆಯ ತುದಿ ಆಡಿಸಿ, "ಮೊದಲಿಗೆ ತೊಲಿಗೆ ಕಂಬ ಕೊಟ್ಟು ಗ್ವಾಡಿ ಬಿಚ್ಚಿ ಕಟ್ರಿ. ಆಮ್ಯಾಲ ಮಾಳಗಿ ಮಾತು" ಎಂದ. ಆ ಮಾತನ್ನು ಇಬ್ಬರಿಗೂ ತಿಳಿಸಿದೆ. ಗೋಡೆ ಕಟ್ಟುವುದು ಪಾಳಿಯವರ ಕೆಲಸವೋ ಮೂವರ ಕೆಲಸವೋ ಎಂದು ಹೊಸ ಗೊಂದಲ ಎದ್ದಿತು. ಹಳೆಯ ಕರಾರು ಪತ್ರ ನೋಡಿದರೆ ಎಲ್ಲ ತಿಳಿಯುತ್ತದೆ ಎಂದರು. ಪತ್ರ ಬರೆದವರ ಮನೆತನ ಜೇವರ್ಗಿ ಕಡೆಯ ಇಜೇರಿಗೆ ಹೋಗಿ ನೆಲೆಸಿತ್ತು, ಪತ್ರ ಅವರ ಹತ್ತಿರ ಇತ್ತು. ಹೋಗುವವರು ಯಾರು? ಅದು ಯಾರ ಪಾಳಿಯೋ ಎಂದು ಮತ್ತೆ ಸುರುವಾದೀತೆಂದು ನಾನೇ ಹೊರಟೆ.

ಬೇಸಿಗೆಯಲ್ಲಿ ತಮ್ಮನನ್ನು ಕರೆದುಕೊಂಡು ಹೋದೆ. ಭೀಮೆಯಲ್ಲಿ ನೀರು ಮೊಣಕಾಲಿಗೂ ಇರಲಿಲ್ಲ, ಬಂಡಿಯಲ್ಲೇ ದಾಟಿದೆವು. ಇಜೇರಿಯಲ್ಲಿ ಒಬ್ಬ ಮುದುಕರು ತೊಲೆಯ ಸಂದಿಯಿಂದ ಬಿದಿರಿನ ಕೊಳವೆ ತೆಗೆದು ಅದರೊಳಗಿಂದ ಕಾಗದ ಎಳೆದರು. ನಮ್ಮಪ್ಪ ನನಗೆ ಮನೆಯಲ್ಲೇ ಅಕ್ಷರ ಕಲಿಸಿದ್ದ, ನಾನೇ ಓದಿದೆ. ಮೂರು ಮನೆಯವರು ವರ್ಷಕ್ಕೊಬ್ಬರಂತೆ ಮಾಳಿಗೆಗೆ ಮಣ್ಣು ಹಾಕಿಸತಕ್ಕದ್ದು, ತಪ್ಪಿದವರು ಉಳಿದಿಬ್ಬರಿಗೆ ಜವಾಬು ಕೊಡತಕ್ಕದ್ದು ಎಂದಿತ್ತು. ಕೆಳಗೆ ಶ್ರಾವಣ ಮಾಸ ಎಂದಿತ್ತು. ಯಾವ ವರ್ಷ, ಎಲ್ಲಿಂದ ಸುರು, ಗೋಡೆ ಬಿರಿದರೆ ಯಾರು, ಒಂದೂ ಇರಲಿಲ್ಲ. ಗೋಡೆ ಬಿರಿಯಬಹುದು ಎಂದು ಆ ಮೂವರಿಗೆ ಹೊಳೆದೇ ಇರಲಿಲ್ಲ. ಹೊಸ ಗೋಡೆಯ ಮುಂದೆ ನಿಂತು ಬರೆಸಿದವರಲ್ಲವೇ! ಕಾಗದ ಮಡಚಿ ಕೊಡುವಾಗ ನನಗೆ ಅಳು ಬಂತು. ಅಷ್ಟು ದೂರ ಬಿಸಿಲಲ್ಲಿ ಬಂದದ್ದಕ್ಕೋ, ಆ ಅಜ್ಜಗಳ ಮೇಲಿನ ಸಿಟ್ಟಿಗೋ ಗೊತ್ತಿಲ್ಲ.

ಊರಿಗೆ ಬಂದು ಹೇಳಿದೆ. "ತಪ್ಪಿದವರು ಜವಾಬು ಕೊಡತಕ್ಕದ್ದು" ಎಂಬ ಮಾತೊಂದೇ ಎಲ್ಲರ ಕಿವಿಯಲ್ಲಿ ನಿಂತಿತು. ಈಗ ಯಾರಾದರೂ ಬಹಿರಂಗವಾಗಿ ಮಣ್ಣು ಹಾಕಿಸಿದರೆ, ಅದು ಹೋದ ವರ್ಷದ ಬಾಕಿ, ತಪ್ಪಿದ್ದು ನಾನೇ ಎಂದು ಒಪ್ಪಿಕೊಂಡ ಹಾಗೆ. ಹಾಕಿಸದಿದ್ದರೆ, ಈ ವರ್ಷವೂ ತಪ್ಪಿದ ಹಾಗೆ. ನನಗೆ ತಲೆ ಚಿಟ್ಟು ಹಿಡಿಯಿತು. ಮಿರಗ ಹತ್ತಿರ ಬಂತು.

ಕೊನೆಗೆ ನಾನೊಂದು ಉಪಾಯ ಮಾಡಿದೆ, ಮಾಡಿ ಬಹಳ ಜಾಣೆಯೆಂದುಕೊಂಡೆ. ಯಾರಿಗೂ ಹೇಳದೆ ಸದ್ದಿಲ್ಲದೆ ಮಣ್ಣು ಹಾಕಿಸುವುದು. ಮುಂದೆ ತಕರಾರು ಬಂದರೆ, ನಾನು ಹಾಕಿಸಿದ್ದೆ ಎನ್ನುವುದು. ಬರದಿದ್ದರೆ ಸುಮ್ಮನಿರುವುದು. ಮಾಳಿಗೆಗೆ ಏಣಿ ಇದ್ದದ್ದು ಹಿಂದಿನ ಓಣಿಯಲ್ಲಿ. ಸುತ್ತ ಕುಂಬಿ ಗೋಡೆ ಇದ್ದುದರಿಂದ ಬಜಾರಿಗೆ ಮೇಲಿನದು ಕಾಣುತ್ತಿರಲಿಲ್ಲ. ಸಂತೆಯ ದಿನ ಗದ್ದಲದಲ್ಲಿ ಆಳುಗಳನ್ನು ಕಳಿಸುವುದೆಂದು ಗೊತ್ತು ಮಾಡಿ, ಹಿಂದಿನ ದಿನ ಬಳೆಗಾರ್ತಿಗೆ ತಿಳಿಸಲಿಕ್ಕೆ ಹೋದೆ. ಮಣ್ಣು ಉದುರೀತು, ಬಳೆ ಮುಚ್ಚಿಟ್ಟುಕೊ ಎಂದು.

ಅವಳು ಬಳೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. "ಬ್ಯಾಡ್ರಿ ಅಕ್ಕಾರ. ಮ್ಯಾಲ ಮಣ್ಣ ಬಿದ್ದೈತ್ರಿ" ಎಂದಳು.

"ಯಾರು ಹಾಕಿಸಿದ್ರು?"

"ಹೇಳಬ್ಯಾಡ ಅಂದಾರ್ರಿ."

"ಒಬ್ಬರೋ ಇಬ್ಬರೋ, ಅಷ್ಟರೆ ಹೇಳು."

 ಅವಳು ಒರೆಸಿದ ಬಳೆಯನ್ನು ಪೆಟ್ಟಿಗೆಯಲ್ಲಿಟ್ಟು, "ಎರಡ ಸರ್ತಿ ಬಿತ್ತರಿ" ಎಂದಳು. ಆಮೇಲೆ ದನಿ ತಗ್ಗಿಸಿ, "ತೊಲಿ ಕಿರ್ರ್ ಅಂತದ್ರಿ. ನಿಮಗ ಅಷ್ಟ ಹೇಳಾಕತ್ತೇನಿ. ಅವರಿಗೆ ಹೇಳಾಕ ನನಗ ಧೈರ್ಯ ಇಲ್ರಿ. ತೊಲಿ ಸುದ್ದಿ ಎತ್ತಿದ್ರ ಪೆಟ್ಟಿಗಿ ಹೊರಗ ತಗಿ ಅಂತಾರ್ರಿ" ಎಂದಳು.

ನಾನು ಆಗ ಏನು ಮಾಡಬೇಕಿತ್ತು ಎಂಬುದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಇಡೀ ಕತೆಯಲ್ಲಿ ಸ್ಪಷ್ಟವಾಗಿದ್ದ ಕ್ಷಣ ಅದೊಂದೇ. ಗೌಂಡಿ ಹೇಳಿದ್ದೂ ನೆನಪಿತ್ತು, ಮೊದಲು ಗೋಡೆ, ಆಮೇಲೆ ಮಾಳಿಗೆ. ಆದರೆ ನನ್ನ ತಲೆಯಲ್ಲಿ ಓಡಿದ್ದೇ ಬೇರೆ. ಇಬ್ಬರೂ ನನಗಿಂತ ಮೊದಲು ಉಪಾಯ ಮಾಡಿದ್ದಾರೆ. ನಾಳೆ ನಾಲ್ಕು ಜನರ ಮುಂದೆ ನಾವು ಹಾಕಿಸಿದ್ದೆವು, ತಪ್ಪಿದವಳು ಈ ಒಬ್ಬಳೇ ಎನ್ನುತ್ತಾರೆ. ಗಂಡನಿಲ್ಲದವಳು ಅಂಗಡಿ ಸಂಬಾಳಿಸಲಾರಳು ಎನ್ನುತ್ತಾರೆ. 

"ಹಳೇ ತೊಲಿ, ಕಿರ್ರ್ ಅಂತದ" ಎಂದೆ. "ಮೂರನೇದ್ದು ನಂದು ಬೀಳತದ. ನೀ ಯಾರ ಮುಂದೂ ಹೇಳಬ್ಯಾಡ."

"ಇಲ್ರಿ" ಎಂದಳು. ಮರುದಿನ ಮೂರನೆಯ ಸಲ ಮಣ್ಣು ಬಿತ್ತು. ಇಳಿದುಬಂದ ಆಳು ಕೂಡ, "ಅವ್ವಾರ, ಮ್ಯಾಲ ದಂಡಿಯಾಗಿ ಮಣ್ಣ ಐತಲ್ರಿ" ಎಂದ. ಹೇಳಿದ ಕೆಲಸ ಆಯಿತಲ್ಲ, ಹೋಗು ಎಂದೆ. ಸಾಹುಕಾರರಿಗೂ ಮುನ್ಷಿಯವರಿಗೂ ಅವರವರ ಆಳುಗಳು ಹೀಗೇ ಹೇಳಿದ್ದಿರಬಹುದೇ? ಅವರೂ ನನ್ನ ಹಾಗೇ ಕಿವಿ ಮುಚ್ಚಿಕೊಂಡಿದ್ದರೇ? ಅದು ನನಗೆ ಗೊತ್ತಾಗಲೇ ಇಲ್ಲ, ನಾನು ಕೇಳಲೂ ಇಲ್ಲ.

ಮಿರಗ ಆ ವರ್ಷ ಹಿಡಿದು ಹೊಡೆಯಿತು. ಮಣ್ಣು ಎರಡು ದಿನ ನೀರು ಕುಡಿಯಿತು. ಒಂದು ಹನಿಯೂ ಸೋರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಳೆ ನಿಂತು ಬಿಸಿಲು ಬಿದ್ದಾಗ ನಡುವಿನ ಅಂಗಡಿಯ ತೊಲೆ ಗೋಡೆಯನ್ನು ಎಳೆದುಕೊಂಡು ಕೂತುಬಿಟ್ಟಿತು. ಸದ್ದು ನಮ್ಮ ಮನೆಯ ತನಕ ಬಂತು. ನಾನು ಚಪ್ಪಲಿ ಮೆಟ್ಟದೆ ಓಡಿದೆ. ದಾರಿಯುದ್ದಕ್ಕೂ ಅವಳು ಒಳಗಿದ್ದಾಳೆ, ಅವಳು ಒಳಗಿದ್ದಾಳೆ ಎಂಬುದೊಂದೇ.

ಅವಳು ಒಳಗಿರಲಿಲ್ಲ. ಬೆಳಿಗ್ಗೆಯೇ ಕಿಣ್ಣಿ ಸುಲ್ತಾನಕ್ಕೆ ಒಬ್ಬ ಬಸುರಿಯ ಕುಬಸಕ್ಕೆ ಹಸಿರು ಬಳೆ ಇಡಿಸಲಿಕ್ಕೆ ಹೋಗಿದ್ದಳು. ಮಳೆ ಇನ್ನೂ ನಿಲ್ಲದ್ದಕ್ಕೆ ಆ ಮನೆಯವರು ಉಂಡು ಹೋಗು ಎಂದು ಕೂರಿಸಿಕೊಂಡಿದ್ದರು. ಸಂಜೆ ಬಂದು ನೋಡಿದಳು. ಅವಳ ಪೆಟ್ಟಿಗೆ ಹೊಸ್ತಿಲು ದಾಟಿ ಹೊರಗೆ ಬರಲೇ ಇಲ್ಲ, ಮಣ್ಣಿನ ಕೆಳಗೇ ಉಳಿಯಿತು. ಮಣ್ಣು ತೆಗೆದ ಕಡೆಯೆಲ್ಲ ಬಳೆಚೂರು ಬರುತ್ತಿತ್ತು. ಬರಿಗಾಲಿಗೆ ಚುಚ್ಚುತ್ತಿತ್ತು.

ಆ ಮಣ್ಣಿನ ಗುಡ್ಡೆ ನೋಡಿ ಊರ ಹಿರಿಯರಿಗೆ ಬೆರಗಾಯಿತು. ಒಂದು ಮಾಳಿಗೆಗೆ ಇಷ್ಟು ಮಣ್ಣು ಎಲ್ಲಿಂದ ಬಂತು ಎಂದು ಮರುದಿನ ಎಲ್ಲರನ್ನೂ ಕರೆದು ಕೂರಿಸಿದರು. ಅಲ್ಲಿ ನಡೆದದ್ದು ವಿಚಿತ್ರ. ಹೋದ ವರ್ಷ ನನ್ನ ಪಾಳಿ ಅಲ್ಲ ಎಂದಿದ್ದ ಮೂವರೂ ಈಗ ನಾನು ಹಾಕಿಸಿದ್ದೆ, ನಾನು ಹಾಕಿಸಿದ್ದೆ ಎಂದೆವು. ಸಾಹುಕಾರರು ಎದೆ ಮುಂದೆ ಮಾಡಿ ಹೇಳಿದರು. ಮುನ್ಷಿಯವರು ತಾರೀಖು ಸಮೇತ ಹೇಳಿದರು. ನಾನೂ ಹೇಳಿದೆ. ಮಣ್ಣು ಹಾಕಿಸದೆ ತಪ್ಪಿದವರು ಯಾರೂ ಇರಲಿಲ್ಲ. ಕರಾರಿನ ಪ್ರಕಾರ ಜವಾಬು ಕೊಡಬೇಕಾದವರು ಯಾರೂ ಇರಲಿಲ್ಲ. 

ಆಮೇಲೆ ಹಿರಿಯರಲ್ಲೊಬ್ಬರು ಬಳೆಗಾರ್ತಿಯ ಕಡೆ ತಿರುಗಿದರು. ಅವಳು ದೂರದಲ್ಲಿ ಕಟ್ಟೆಯ ಕೆಳಗೆ ಕೂತಿದ್ದಳು.

"ಕೆಳಗ ಕೂತಾಕಿ ನೀನು. ಮೂರ ಸರ್ತಿ ಮಣ್ಣ ಬಿದ್ದದ್ದು ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ."

"ಯಾರಿಗರೆ ಹೇಳಿದ್ದೇನು?"

ಅವಳು ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಬೇಡಿಕೊಂಡೂ ಅಲ್ಲ, ಸುಮ್ಮನೆ ನೋಡಿದಳು. ನಾನು ಸೆರಗಿನ ಅಂಚು ಹಿಡಿದು ಕೂತಿದ್ದೆ. ನಾಲಿಗೆಯ ತುದಿಗೆ ಬಂದಿತ್ತು, ನನಗೆ ಹೇಳಿದ್ದಳು ಎಂದು. ಹೇಳಿದರೆ, ಗೊತ್ತಿದ್ದೂ ಹಾಕಿಸಿದವಳು ನಾನಾಗುತ್ತೇನೆ. ಬಜಾರದ ಕಾರಭಾರ ಹೆಣ್ಣಿನ ಕೈಗೆ ಕೊಟ್ಟರೆ ಹೀಗೇ ಎನ್ನುತ್ತಾರೆ. ನಾನು ನೆಲ ನೋಡಿದೆ.

"ಇಲ್ರಿ" ಎಂದಳು ಅವಳು.

ಅಲ್ಲಿಗೆ ಎಲ್ಲರಿಗೂ ಹಗುರವಾಯಿತು. ಮೂರು ಮನೆಯವರೂ ತಮ್ಮ ತಮ್ಮ ಕೆಲಸ ಮಾಡಿದ್ದಾರೆ, ಕೆಳಗೆ ಕೂತವಳು ಬಾಯಿ ಬಿಡದೆ ಇದ್ದದ್ದರಿಂದ ಮಾಳಿಗೆ ಬಿತ್ತು ಎಂದು ತೀರ್ಮಾನವಾಯಿತು. ಆ ಸಾಲಿನಲ್ಲಿ ಒಂದು ಕಲ್ಲಿನ ಹಕ್ಕೂ ಇಲ್ಲದವಳ ತಲೆಗೆ ಇಡೀ ಸಾಲು ಬಂತು. ಮೂವರೂ ಕೂಡಿ ಗೋಡೆ ಎಬ್ಬಿಸಿದೆವು, ಹೊಸ ತೊಲೆ ಏರಿಸಿದೆವು. ಪಾಳಿಯನ್ನು ಯುಗಾದಿಯಿಂದ ಯುಗಾದಿಗೆ ಎಂದು ಕಾಗದದಲ್ಲಿ ಬರೆಸಿದೆವು, ಗೋಡೆಯ ಮಾತನ್ನೂ ಸೇರಿಸಿದೆವು. ನಡುವಿನ ಅಂಗಡಿಯಲ್ಲಿ ಸಾಹುಕಾರರ ಅಳಿಯ ಅರಿವೆ ಮಾರಲಿಕ್ಕೆ ಕೂತ. ನಾನು ಬೇಡ ಎನ್ನಲಿಲ್ಲ. ಯಾವ ಬಾಯಿಯಿಂದ ಅನ್ನಲಿ?

ಆ ವರ್ಷದ ಪಂಚಮಿಗೆ ಅವಳು ನಮ್ಮ ಮನೆಗೆ ಬಂದಳು. ಯಾರಿಂದಲೋ ಉದ್ರಿ ತಂದ ಬಳೆಯ ಮಲಾರ ಹೆಗಲ ಮೇಲಿತ್ತು. ಜಿಡಗಾ, ಕಿಣ್ಣಿ ಎಂದು ಊರೂರು ತಿರುಗುತ್ತಿದ್ದಳಂತೆ, ಕಾಲು ಒಡೆದಿದ್ದವು. ಅಂಗಡಿಯೇ ಇಲ್ಲವಲ್ಲ, ಇನ್ನೆಲ್ಲಿಯ ಬಾಡಿಗೆ, ಯಾಕೆ ಬಂದೆ ಎಂದೆ.

"ಹುಡುಗಿ ಹಬ್ಬಕ್ಕ ಖಾಲಿ ಕೈಲೆ ಇರಬಾರದ್ರಿ" ಎಂದು ಪಡಸಾಲೆಯಲ್ಲಿ ಕೂತು ನನ್ನ ಮಗಳ ಕೈ ತೊಡೆಯ ಮೇಲೆ ಇಟ್ಟುಕೊಂಡಳು.

ನಾನು ಕಂಬ ಹಿಡಿದು ನಿಂತಿದ್ದೆ. ಅಲ್ಲಿಂದಲೇ ಕೇಳಿದೆ. "ಅವತ್ತ ನನಗ ಹೇಳಿದ್ದಿ ಅಂತ ಯಾಕ ಅನ್ನಲಿಲ್ಲ ಬೇ?"

ಅವಳು ತಲೆ ಎತ್ತಲಿಲ್ಲ. ಬಳೆಯೊಂದನ್ನು ಮಗಳ ಬೆರಳ ಗೆಣ್ಣಿನ ಮೇಲೆ ಮೆಲ್ಲಗೆ ದಾಟಿಸಿದಳು.

"ನೀವ ಹೇಳ್ತೀರಂತ ಕಾಯಾಕತ್ತಿದ್ನಿರಿ, ಅಕ್ಕಾರ" ಎಂದಳು. ಆಮೇಲೆ ಮಗಳಿಗೆ ಇನ್ನೊಂದು ಕೈ ಕೊಡು ಎಂದಳು.